ಅಕ್ಕನಿಗೆ ಸಮುದ್ರ ತೋರಿಸಿದ್ದು

ಫೆಬ್ರವರಿ 26, ಬೆಳಿಗ್ಗೆ

ಮೊದಲ ಟ್ರೇ ಹೊರಬಂತು. ಬನ್ನುಗಳು ದುಂಡಗೆ ಉಬ್ಬಿವೆ. ಒಂದೂ ಒಡೆದಿಲ್ಲ. ಎರಡನೆಯ ಟ್ರೇ ಒಳಗಿದೆ. ಅದು ಬೇಯುವಷ್ಟರಲ್ಲಿ ನಾಲ್ಕು ಸಾಲು ಬರೆದುಬಿಡಬೇಕು. ಬಾಗಿಲು ತೆರೆದ ಮೇಲೆ ಉಸಿರಾಡಲೂ ಪುರಸೊತ್ತಿಲ್ಲ.

ಹಿಂದಿನ ಕಿಟಕಿ ತೆರೆದಿಟ್ಟಿದ್ದೇನೆ. ಸಮುದ್ರ ಈಗಷ್ಟೇ ಬಣ್ಣಕ್ಕೆ ಬರುತ್ತಿದೆ. ಮೊದಲು ಬೂದಿ. ಆಮೇಲೆ ಬೂದಿಯೊಳಗೆ ಸ್ವಲ್ಪ ಹಸಿರು. ದೋಣಿಗಳು ಒಂದರ ಹಿಂದೆ ಒಂದು ಬಂದರಿನ ಧಕ್ಕೆಯ ಕಡೆ ಬರುತ್ತಿವೆ. ನೋಡಲು ಬಂದವರಿಗೆ ಇದು ಎರಡು ದಿನಕ್ಕೆ ಸಾಕಾಗುತ್ತದೆ. ಇರಲು ಬಂದವರಿಗೆ ಸಾಕಾಗುವುದೇ ಇಲ್ಲ. ಇದು ನನ್ನ ಸ್ವಂತ ಸಂಶೋಧನೆ, ಯಾರು ಬೇಕಾದರೂ ಪರೀಕ್ಷೆ ಮಾಡಬಹುದು.

ಅಕ್ಕನ ಫೋನ್ ಬಂತು. ದಿನಾ ಈ ಹೊತ್ತಿಗೇ. ಅಲ್ಲಿ ಊರಿನ ಬೇಕರಿಯಲ್ಲಿ ಅವಳ ಮೊದಲ ಟ್ರೇಯೂ ಈಗಲೇ ಹೊರಬರುವುದು.

"ಏನೇ ಪುಟ್ಟಿ, ಬದುಕಿದ್ದೀಯಾ?"

"ಬದುಕಿದ್ದೀನಿ. ಸಮುದ್ರ ನೋಡ್ತಾ ಇದ್ದೀನಿ. ಇವತ್ತು ಎಷ್ಟು ಚೆನ್ನಾಗಿದೆ ಗೊತ್ತಾ ಅಕ್ಕಾ..."

"ಅದು ಓಡಿಹೋಗಲ್ಲ ಬಿಡು. ಮಾರ್ಚ್ ಹದಿನೆಂಟಕ್ಕೆ ಬರ್ತೀನಿ. ನಾಲ್ಕು ದಿನ ಇರ್ತೀನಿ. ಕಣ್ಣಾರೆ ನೋಡಿ ಸರಿ ಅನ್ನಿಸಿದ್ರೆ ಕರಾರಿಗೆ ಸೈನ್ ಹಾಕ್ತೀನಿ. ಇಲ್ಲ ಅಂದ್ರೆ ಬಾಗಿಲು ಹಾಕಿ ನನ್ನ ಜೊತೆ ಹೊರಡ್ಬೇಕು. ಮಾತು ಅಂದ್ರೆ ಮಾತು."

"ಮಾತು ಅಂದ್ರೆ ಮಾತು," ಎಂದೆ ನಾನೂ. ದೊಡ್ಡದಾಗಿ.

ಫೋನ್ ಇಟ್ಟ ಮೇಲೆ ಹೆದರಿದೆ, ಸುಳ್ಳೇಕೆ. ಈ ಕಟ್ಟಡದ ಬಾಡಿಗೆ ಕರಾರು ಅಕ್ಕನ ಹೆಸರಿನಲ್ಲಿದೆ. ಅಪ್ಪ ಹೋದ ಮೇಲೆ ಬೇಕರಿಯ ವ್ಯವಹಾರವೆಲ್ಲ ಅವಳದೇ. ಸಮುದ್ರದ ಪಕ್ಕ ಇನ್ನೊಂದು ಅಂಗಡಿ ಇಡುತ್ತೇನೆ ಎಂದಾಗ "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ" ಎಂದು ಗೊಣಗುತ್ತಲೇ ಒಂದು ವರ್ಷಕ್ಕೆ ಸೈನ್ ಹಾಕಿದ್ದಳು. ಈ ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತದೆ.

ಎರಡನೆಯ ಟ್ರೇ ಸ್ವಲ್ಪ ಜಾಸ್ತಿಯೇ ಕಂದು ಬಣ್ಣವಾಯಿತು. ಅಕ್ಕನ ಲೆಕ್ಕಕ್ಕೆ ಬರೆಯತಕ್ಕದ್ದು.

ಫೆಬ್ರವರಿ 28, ಮಧ್ಯಾಹ್ನ

ಅಕ್ಕನಿಗೆ ಅರವತ್ತು. ಸಮುದ್ರ ನೋಡಿಲ್ಲ! ಒಂದು ಸಲವೂ ಇಲ್ಲ. ಬೇಕರಿಗೆ ರಜೆ ಕೊಟ್ಟರೆ ತಾನೇ? ಅಪ್ಪ ರಜೆ ಎಂಬ ಮಾತು ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ಅವಳು ಹುಬ್ಬೂ ಗಂಟಿಕ್ಕುವುದಿಲ್ಲ, ಕೇಳದವಳ ಹಾಗೆ ಹಿಟ್ಟು ನಾದುತ್ತಾಳೆ.

ನಾನಾದರೂ ನೋಡಿದ್ದು ನಲವತ್ತೈದು ದಾಟಿದ ಮೇಲೆ. ಮೂರು ದಿನದ ಟ್ರಿಪ್ಪಿಗೆ ಒಬ್ಬಳೇ ಬಂದಿದ್ದೆ. ಮೊದಲ ದಿನ ನೀರಿಗೆ ಹೆದರಿ ದಡದಲ್ಲಿ ಕೂತೆ. ಎರಡನೆಯ ದಿನ ಪಾದ. ಮೂರನೆಯ ದಿನ ಬಸ್ಸಿನ ಟಿಕೆಟ್ಟು ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹೋಗುವುದನ್ನು ನೋಡುತ್ತಾ ನಿಂತೆ. ಬೇಕೆಂದೇ. ಜೀವನದಲ್ಲಿ ಅಷ್ಟು ಹಗುರವಾಗಿ ಉಸಿರು ಬಿಟ್ಟಿರಲಿಲ್ಲ.

ಮದುವೆ ಆಗಲಿಲ್ಲ ನಾನು. ಬಂದ ಗಂಡುಗಳಿಗೆಲ್ಲ ನನ್ನ ಬಾಯಿಯ ಭಯ. ಹಾಗಾಗಿ ಇಷ್ಟು ವರ್ಷ ಓವನ್ನಿನ ಜೊತೆಗೇ ಸಂಸಾರ. ಓವನ್ನನ್ನು ಎಲ್ಲಿ ಇಟ್ಟರೂ ಅದು ಓವನ್ನೇ ಎಂದುಕೊಂಡು ಬಂದೆ. ಆ ಜಂಬ ಒಂದೇ ವಾರದಲ್ಲಿ ಇಳಿಯಿತು. ಊರಿನ ಅಳತೆಯಲ್ಲೇ ನೀರು ಹಾಕಿದರೆ ಇಲ್ಲಿ ಹಿಟ್ಟು ಅಂಟು. ಇಲ್ಲಿನ ಗಾಳಿಯೇ ಒದ್ದೆ. ಮೂಟೆಯಲ್ಲಿ ಕೂತ ಹಿಟ್ಟು ಆಗಲೇ ಒಂದಿಷ್ಟು ಕುಡಿದು ಕೂತಿರುತ್ತದೆ. ಮೊದಲ ದಿನಗಳ ಬ್ರೆಡ್ಡನ್ನು ಕಡಲಹಕ್ಕಿಗಳಿಗೆ ಹಾಕಿದೆ. ಅವೂ ಮೂಸಿ ನೋಡಿ ಹೋದವು. ಈಗ ಕಿಟಕಿಯ ಹೊರಗೆ ಕೈ ಚಾಚಿ ಗಾಳಿ ಮುಟ್ಟಿ ನೋಡಿ ನೀರು ಹಾಕುತ್ತೇನೆ. ಒಂದು ದಿನದ ಅಳತೆ ಇನ್ನೊಂದು ದಿನಕ್ಕಿಲ್ಲ. ರಸ್ಕು ಮಾತ್ರ ಮಧ್ಯಾಹ್ನ ಬಿಸಿಲು ಬಂದ ಮೇಲೆ. ಯಾರೂ ಹೇಳಿಕೊಟ್ಟಿಲ್ಲ, ನಾನೇ ಕಲಿತದ್ದು.

ಮಾರ್ಚ್ 5, ಸಂಜೆ

ಕೂದಲು ಒದ್ದೆ, ಹಾಳೆ ಒದ್ದೆ, ಇರಲಿ.

ಇವತ್ತು ಬೆನ್ನ ಮೇಲೆ ಮಲಗಿ ತೇಲಿದೆ! ಈಜು ಟೀಚರ್ ಕೈ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ಅವರಿಗೆ ಎಪ್ಪತ್ತು. ಶಾಲೆಯಿಂದ ರಿಟೈರ್ ಆದ ಮೇಲೂ ಸಂಜೆ ನೀರಿಗೆ ಇಳಿಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಬೆಳಿಗ್ಗೆ ನನ್ನ ಅಂಗಡಿಯ ಮೊದಲ ಗಿರಾಕಿಯೂ ಅವರೇ.

"ಕತ್ತು ಬಿಗಿ ಹಿಡೀಬೇಡಿ. ಸಮುದ್ರದ ಹತ್ರ ಜಗಳ ಆಡ್ಬೇಡಿ. ಅದು ನಿಮಗಿಂತ ಹಠಮಾರಿ."

"ನನಗಿಂತ ಹಠಮಾರಿ ನಮ್ಮಕ್ಕ ಒಬ್ಬಳೇ ಟೀಚರ್. ಹದಿನೆಂಟಕ್ಕೆ ಬರ್ತಾಳೆ."

"ಕರ್ಕೊಂಡು ಬನ್ನಿ, ತೇಲಿಸೋಣ," ಎಂದರು. ಅಕ್ಕನನ್ನು ತೇಲಿಸುವುದಂತೆ! ನಕ್ಕು ಉಪ್ಪುನೀರು ಕುಡಿದೆ.

ಕಿವಿಗಳು ನೀರಿನೊಳಗೆ. ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಈ ಮೈಯನ್ನು ಎತ್ತಿಕೊಂಡು ಓಡಾಡಿ ಓಡಾಡಿ ಸುಸ್ತಾಗಿತ್ತು, ಬೇರೆ ಯಾರೋ ಸ್ವಲ್ಪ ಹೊತ್ತು ಎತ್ತಿಕೊಂಡರು.

ತೊಂದರೆಗಳೂ ಇವೆ, ಬರೆಯದಿದ್ದರೆ ಅನ್ಯಾಯ. ಬೀಗಗಳು ತುಕ್ಕು ಹಿಡಿಯುತ್ತವೆ. ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ. ಒಗೆದ ಬಟ್ಟೆ ಒಣಗಿತೋ ಇಲ್ಲವೋ ಎಂದು ಮೂರು ಸಲ ಮೂಸಬೇಕು. ಸೀಸನ್ನಿನಲ್ಲಿ ಬಂದವರು ಮರಳಿನ ಕಾಲಲ್ಲೇ ಅಂಗಡಿಗೆ ನುಗ್ಗುತ್ತಾರೆ, ಬೈದರೆ ನಗುತ್ತಾರೆ. ಬೈಯುತ್ತಾ ಗುಡಿಸುತ್ತೇನೆ, ನಾಳೆಯೂ ಗುಡಿಸುತ್ತೇನೆ.

ಮಾರ್ಚ್ 12

ಭಾವನ ಫೋನ್. ಅಕ್ಕನಿಗೆ ಗೊತ್ತಿಲ್ಲದೆ ಮಾಡಿದ್ದು. ಹಿತ್ತಿಲಿನಿಂದ, ಪಿಸುಮಾತಿನಲ್ಲಿ.

"ನೋಡಮ್ಮಾ, ನಾನು ಹೇಳ್ದೆ ಅಂತ ಹೇಳ್ಬೇಡ. ನಿಮ್ಮಕ್ಕನ ಎಡಗೈ ಮಣಿಕಟ್ಟು ಪೂರ್ತಿ ಹೋಗಿದೆ. ಡಾಕ್ಟ್ರು ಇನ್ಮೇಲೆ ಹಿಟ್ಟು ನಾದೋ ಹಾಗಿಲ್ಲ ಅಂದ್ರು. ಕೇಳ್ತಾಳಾ? ಬಲಗೈ ಒಂದ್ರಲ್ಲೇ ನಾದ್ತಾಳೆ."

"ನಾದೋ ಮಷೀನ್ ತರಿಸಿ ಭಾವ."

"ಮಷೀನ್ ಅಂದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಅಪ್ಪ ಕೈಯಲ್ಲಿ ಕಟ್ಟಿದ ಬೇಕರಿ ಅಂತೆ. ...ಬಂದಳು, ಇಡ್ತೀನಿ."

ಈಗ ಗೊತ್ತಾಯಿತು ಏಕೆ ಬರುತ್ತಿದ್ದಾಳೆ ಎಂದು. ಅಂಗಡಿ ನೋಡಲು ಅಲ್ಲ. ಅಲ್ಲಿ ಒಂದು ಜೊತೆ ಕೈ ಬೇಕಾಗಿದೆ, ಆ ಕೈ ನನ್ನದು. ನೇರವಾಗಿ ಕೇಳುವ ಜಾಯಮಾನ ಅವಳದಲ್ಲ. ಬಾಯಿಬಿಟ್ಟು ಕೇಳುವ ಬದಲು ಕರಾರು ಹಿಡಿದುಕೊಂಡು ಬರುತ್ತಾಳೆ.

ಸಿಟ್ಟು ಬಂತು. ಅಕ್ಕನ ಎಡಗೈಯೂ ಕಣ್ಣ ಮುಂದೆ ಬಂತು. ಅಮ್ಮ ಇಲ್ಲದ ನನಗೆ ಜಡೆ ಹಾಕಿದ್ದು ಆ ಕೈ. ಆದರೂ ಬಿಟ್ಟುಕೊಡುವುದಿಲ್ಲ. ಬರಲಿ. ಒಂದು ಸಲ ಈ ಕಿಟಕಿಯ ಮುಂದೆ ನಿಲ್ಲಿಸುತ್ತೇನೆ. ಉಳಿದದ್ದನ್ನು ಸಮುದ್ರವೇ ನೋಡಿಕೊಳ್ಳುತ್ತದೆ. ಅಷ್ಟು ನಂಬಿಕೆ ಇದೆ ನನಗೆ ಅದರ ಮೇಲೆ.

ಮಾರ್ಚ್ 17, ಸಂಜೆ

ಕಿಟಕಿ ಗಾಜು ವಿನೆಗರ್ ಹಾಕಿ ಒರೆಸಿದೆ. ಕಿಟಕಿಯ ಕೆಳಗೆ ಅಕ್ಕನಿಗೆ ಕುರ್ಚಿ ಹಾಕಿದೆ. ಟೈಮ್ ಟೇಬಲ್ಲೂ ಸಿದ್ಧ: ಬೆಳಿಗ್ಗೆ ಕಿಟಕಿ, ಮಧ್ಯಾಹ್ನ ದೀಪಸ್ತಂಭದ ಮೆಟ್ಟಿಲು, ಸಂಜೆ ಮರಳು.

ಪಕ್ಕದ ಹಗ್ಗದ ಮಾಮ ಬಂದು ನೋಡಿ ಹೋದರು. ಹಗ್ಗ, ಬಲೆ, ಲಂಗರು ಮಾರುವವರು. ಈ ಕಟ್ಟಡದ ಮಾಲೀಕರೂ ಅವರೇ. ಆಕಾಶ ನೋಡಿ ಮೂಗು ಉಜ್ಜಿಕೊಂಡರು.

"ಗಾಳಿ ನಿಂತ್ಬಿಟ್ಟಿದೆ ಕಣಮ್ಮಾ. ನಂಗೆ ಯಾಕೋ ಅನುಮಾನ."

"ಅಪಶಕುನ ನುಡೀಬೇಡಿ ಮಾಮ."

ಮಾರ್ಚ್ 18

ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಮಂಜು! ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಸಮುದ್ರವೇ ಇಲ್ಲ. ತಡೆಗೋಡೆ ಇಲ್ಲ, ದೀಪಸ್ತಂಭ ಇಲ್ಲ. ಎದುರಿನ ಔಷಧಿ ಅಂಗಡಿಯ ಬೋರ್ಡೇ ಕಾಣುತ್ತಿಲ್ಲ. ಈ ಒಂದು ವರ್ಷದಲ್ಲಿ ಇಂಥದ್ದು ನೋಡಿಲ್ಲ.

ಬಸ್ಸು ತಡವಾಗಿ ಬಂತು, ದೀಪ ಹಾಕಿಕೊಂಡು ಆಮೆಯ ಹಾಗೆ. ಅಕ್ಕ ಇಳಿದಳು. ಸಣ್ಣಗಾಗಿದ್ದಾಳೆ. ಬ್ಯಾಗು ಬಲಗೈಯಲ್ಲಿ, ಎಡಗೈ ಶಾಲಿನೊಳಗೆ. ತಬ್ಬಿಕೊಂಡೆ. ಹಿಟ್ಟಿನ ವಾಸನೆ, ಅದೇ.

ಕಿಟಕಿಯ ಮುಂದೆ ನಿಲ್ಲಿಸಿದೆ. ನೋಡಿದಳು. ತುಂಬಾ ಹೊತ್ತು.

"ಗಾಜಿಗೆ ಸುಣ್ಣ ಬಳಿಸಿದ್ದೀಯಾ?"

"ಮಂಜು ಅಕ್ಕಾ. ಇದರ ಹಿಂದೆನೇ ಇದೆ ಸಮುದ್ರ. ಕೇಳು, ಶಬ್ದ ಬರ್ತಿದೆ."

"ಇದಕ್ಕೇನಾ ಒಂದು ವರ್ಷದಿಂದ ಕುಣೀತಾ ಇರೋದು? ಇಷ್ಟು ಬಿಳೀದು ನಮ್ಮ ಹಿಟ್ಟಿನ ಗೋಡೌನಲ್ಲೂ ಇದೆ."

ಅಷ್ಟರಲ್ಲಿ ಬಂದರಿನ ಸೈರನ್ ಕೂಗಿತು. ಅಕ್ಕ ಬೆಚ್ಚಿದಳು. "ಯಾರದ್ದೇ ಎಮ್ಮೆ ಕಳೆದ್ಹೋಗಿರೋದು?" ಹಗ್ಗದ ಮಾಮ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ದೋಣಿಗಳಿಗೆ ದಾರಿ ಗೊತ್ತಾಗಲು ಕೂಗಿಸುವುದು ಎಂದು ವಿವರಿಸಿದರು. ಮಂಜು ಯಾವಾಗ ಹೋಗುತ್ತದೆ ಎಂದು ನಾನು ಕೇಳಿದೆ.

"ಬಂದ್ರೆ ಎರಡು ದಿನ. ಕೂತ್ರೆ ವಾರ."

ಅಕ್ಕ ಕುರ್ಚಿಯನ್ನು ತಿರುಗಿಸಿಕೊಂಡಳು. ಸಮುದ್ರಕ್ಕೆ ಬೆನ್ನು, ಅಂಗಡಿಗೆ ಮುಖ. ಸಂಜೆಯವರೆಗೆ ಹಾಗೇ ಕೂತು ಬಂದುಹೋಗುವವರನ್ನೆಲ್ಲ ನೋಡಿದಳು. ಒಂದು ಬನ್ನು ಮುರಿದು ಮೂಸಿ ತಿಂದಳು. ಚೆನ್ನಾಗಿದೆ ಎನ್ನಲಿಲ್ಲ. ಇನ್ನೊಂದು ತಿಂದಳು.

ಮಲಗುವ ಮುಂಚೆ ಹೇಳಿದೆ. "ಅಕ್ಕಾ, ನೀನೇನಾದ್ರೂ ಬೆಳಿಗ್ಗೆ ಹಿಟ್ಟಿಗೆ ಕೈ ಹಾಕೋದಾದ್ರೆ ನೀರು ಕಮ್ಮಿ ಹಾಕು. ಇಲ್ಲಿ ಹಿಟ್ಟೇ..."

"ನನಗೆ ಹೇಳಿಕೊಡ್ತೀಯಾ?"

ದೀಪ ಆರಿಸಿದಳು.

ಮಾರ್ಚ್ 19, ಬೆಳಿಗ್ಗೆ ಹತ್ತು

ಆಗಬಾರದ್ದು ಆಯಿತು.

ಮಹಡಿಯ ಮನೆಯಿಂದ ಕೆಳಗೆ ಇಳಿದು ಬರುವಷ್ಟರಲ್ಲಿ ಅಕ್ಕ ಇಡೀ ದಿನದ ಹಿಟ್ಟನ್ನು ಕಲಸಿ ಮುಗಿಸಿದ್ದಳು. ಊರಿನ ಅಳತೆಯಲ್ಲಿ! ಅದೂ ಮಂಜಿನ ದಿನ, ಗೋಡೆಗಳೇ ಬೆವರುತ್ತಿರುವಾಗ. ಹಿಟ್ಟು ಮೊಣಕೈವರೆಗೆ ಹತ್ತಿತ್ತು. ಬಿಡಿಸಲು ಇನ್ನೂ ಹಿಟ್ಟು ಸುರಿದಳು. ಗಂಟಾಯಿತು. ಗಂಟು ಕರಗಲೆಂದು ಮತ್ತೆ ನೀರು. ನಾನು ಬಾಯಿ ತೆರೆದೆ, ಅವಳು ತಿರುಗಿ ನೋಡಿದಳು, ಬಾಯಿ ಮುಚ್ಚಿಕೊಂಡೆ.

ಬ್ರೆಡ್ಡು ಹೊರಬಂತು. ಉಬ್ಬಿಲ್ಲ, ಅಗಲವಾಗಿ ಮಲಗಿದೆ. ಥೇಟ್ ಚಪ್ಪಲಿ.

"ಹಿಟ್ಟು ಸರಿಯಿಲ್ಲ. ಎಂಥ ದರಿದ್ರ ಹಿಟ್ಟು ತರಿಸ್ತೀಯಾ?" ಎಂದಳು.

ನಗಬಾರದಿತ್ತು. ನಕ್ಕೆ. ಸುಮ್ಮನೆ ನಕ್ಕಿದ್ದರೂ ಆಗುತ್ತಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೂ ಅಂದುಬಿಟ್ಟೆ. ಈ ನಾಲಿಗೆಗೆ ಎಲುಬಿಲ್ಲ.

ಅಕ್ಕನ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. ನಲವತ್ತು ವರ್ಷ ಬ್ರೆಡ್ಡು ಮಾಡಿದವಳು. ಬಲಗೈಯಿಂದ ಎಡಗೈಯ ಅಂಟು ಬಿಡಿಸುತ್ತಾ ನಿಂತಳು. ಎಡಗೈ ಬೆರಳುಗಳು ಮಡಿಸಲು ಬರುತ್ತಿರಲಿಲ್ಲ. ಆಗ ಕಂಡಿತು ನನಗೆ. ನೆಲ ಬಾಯಿಬಿಡಬಾರದೇ ಎನ್ನಿಸಿತು.

ಬಾಗಿಲು ತೆರೆಯುವ ಹೊತ್ತು. ನಾನು ಇವತ್ತು ರಜೆ ಎಂದು ಬೋರ್ಡು ಹಾಕಲು ಹೊರಟೆ. ಅಕ್ಕ ತಡೆದಳು. ತಾನೇ ಕೌಂಟರಿನಲ್ಲಿ ನಿಂತಳು. ಬಂದವರಿಗೆಲ್ಲ ಒಂದೇ ಮಾತು.

"ಇವತ್ತು ಬ್ರೆಡ್ ಕೆಟ್ಟಿದೆ. ತಂಗಿ ಮಾಡಿದ್ದಲ್ಲ, ನಾನು ಮಾಡಿದ್ದು."

ತಲೆ ತಗ್ಗಿಸಲಿಲ್ಲ. ಹೇಳುತ್ತಾ ಹೋದಳು. ಈಜು ಟೀಚರ್ ಚಪ್ಪಲಿ ಬ್ರೆಡ್ಡೊಂದನ್ನು ಎತ್ತಿಕೊಂಡು ತಟ್ಟಿ ನೋಡಿದರು. "ತೆಳ್ಳಗೆ ಕುಯ್ದು ಟೋಸ್ಟ್ ಮಾಡಿ ಕೊಡಿ. ಇಂಥ ಥಂಡೀಲಿ ಬಿಸಿ ಇದ್ರೆ ಸಾಕು." ಹಗ್ಗದ ಮಾಮ ತಮಗೂ ಎಂದರು. ದೋಣಿ ಬಿಡಲಾಗದೆ ಕೂತವರು ನಾಲ್ಕೈದು ಜನ ಬಂದರು. ಮಂಜಿನಲ್ಲಿ ಯಾರಿಗೂ ಕೆಲಸವಿಲ್ಲ. ಬೆಂಚು ಸಾಲದೆ ಹಿಟ್ಟಿನ ಮೂಟೆಗಳ ಮೇಲೆ ಕೂತರು.

ಹಗ್ಗದ ಮಾಮ ಕಚ್ಚುತ್ತಾ ಹೇಳಿದರು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ನಿಮ್ಮ ತಂಗಿ ಮೊದಲನೇ ದಿನ ಕೊಟ್ಟಿದ್ದನ್ನ ನಾನು ದೋಣಿಗೆ ಲಂಗರು ಮಾಡ್ಕೊಂಡೆ."

ಎಲ್ಲರೂ ನಕ್ಕರು. ಅಕ್ಕ ನನ್ನ ಕಡೆ ನೋಡಿದಳು. ನಗಲಿಲ್ಲ. ಆದರೆ ಟೋಸ್ಟು ಕುಯ್ಯುವುದು ನಿಲ್ಲಿಸಲೂ ಇಲ್ಲ. ಎಲ್ಲವೂ ಖಾಲಿಯಾಯಿತು, ಒಂದು ತುಂಡೂ ಉಳಿಯಲಿಲ್ಲ.

ನನ್ನ ಜೊತೆ ಮಾತು ಮಾತ್ರ ಇಲ್ಲ.

ಮಾರ್ಚ್ 20, ಸಂಜೆ

ನಿನ್ನೆಯೆಲ್ಲ ಮೌನ. ಇವತ್ತೂ ಮಧ್ಯಾಹ್ನದವರೆಗೆ ಮೌನ. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು ಉಗುಳಲೂ ಆಗದು. ಮಂಜು ಹಾಗೇ ಕೂತಿದೆ, ಅದಕ್ಕೇನು.

ಕೊನೆಗೆ ನಾನೇ ಹೋಗಿ ಎದುರು ನಿಂತೆ. "ತಪ್ಪಾಯ್ತು ಅಕ್ಕಾ. ಆ ಮಾತು ಅನ್ನಬಾರದಿತ್ತು. ಬಾ, ಹೊರಗೆ ಹೋಗೋಣ."

"ಏನು ನೋಡೋಕೆ?"

"ಏನೂ ಕಾಣಲ್ಲ. ಸುಮ್ನೆ ಬಾ."

ತಡೆಗೋಡೆಯ ಮೇಲೆ ಕೂತೆವು. ಮುಂದೆ ಬಿಳಿ, ಹಿಂದೆ ಬಿಳಿ. ಅಲೆ ಕಾಲಿನ ಕೆಳಗೇ ಎಲ್ಲೋ ಬಡಿಯುತ್ತಿತ್ತು. ಮುಖದ ಮೇಲೆ ಸಣ್ಣ ಹನಿ. ಅಕ್ಕ ತುಟಿ ನೆಕ್ಕಿ "ಉಪ್ಪು" ಎಂದಳು.

ಆಮೇಲೆ ಹೇಳಿದಳು. "ನಾನು ಅಂಗಡಿ ನೋಡೋಕೆ ಬಂದಿಲ್ಲ ಕಣೇ. ಅಂಗಡಿ ಹೇಗೇ ಇರ್ಲಿ, ನಿನ್ನ ಕರ್ಕೊಂಡು ಹೋಗೋದು ಅಂತಲೇ ಬಂದೆ."

"ಗೊತ್ತು."

"ಭಾವ ಹೇಳಿದ್ರಾ? ಆ ಮನುಷ್ಯನ ಬಾಯಿಗೆ ಬೀಗ ಇಲ್ಲ."

"ಕೈ ತೋರ್ಸು."

ಶಾಲಿನಿಂದ ಹೊರಗೆ ತೆಗೆದಳು. ಮಣಿಕಟ್ಟು ಬನ್ನಿನ ಹಾಗೆ ಊದಿದೆ. ಹಿಡಿದುಕೊಂಡೆ. ಸೈರನ್ ಎರಡು ಸಲ ಕೂಗುವವರೆಗೂ ಹಿಡಿದೇ ಇದ್ದೆ. ಅಳು ಬಂತು, ಬರಲಿ ಎಂದು ಬಿಟ್ಟೆ.

"ಬಾ ಅಂತ ಕೇಳು ಅಕ್ಕಾ. ಸೈನ್ ಹಾಕಲ್ಲ ಅಂತ ಹೆದರಿಸ್ಬೇಡ. ಅಪ್ಪನ ಹಾಗೆ ಮಾಡ್ಬೇಡ."

"ಕೇಳಿದ್ರೆ ಬರ್ತೀಯಾ?"

"ಪೂರ್ತಿ ಬರಲ್ಲ. ಇಲ್ಲಿ ಮಳೆಗಾಲದಲ್ಲಿ ಜನ ಇರಲ್ಲ, ಆಗ ನಾನು ಅಲ್ಲಿಗೆ ಬರ್ತೀನಿ. ಇಲ್ಲಿ ಸೀಸನ್ ಅಂದಾಗ ನೀನು ಭಾವನ್ನ ಕರ್ಕೊಂಡು ಇಲ್ಲಿಗೆ ಬಾ. ಮಿಕ್ಕ ದಿನಕ್ಕೆ ಅಲ್ಲಿ ಮಷೀನ್ ತಗೋ. ಅಪ್ಪನ ಕೈಗೆ ನೋವಾಗಿದ್ರೆ ಅಪ್ಪನೂ ತಗೋತಿದ್ರು."

"ಅಪ್ಪ ತಗೋತಿರ್ಲಿಲ್ಲ."

"ಸರಿ, ತಗೋತಿರ್ಲಿಲ್ಲ. ನೀನು ತಗೋ."

ಅಕ್ಕ ಮಂಜನ್ನು ನೋಡುತ್ತಾ ಕೂತಳು. "ಇಲ್ಲಿ ಇರೋಕೆ ಅಷ್ಟು ಇಷ್ಟವೇನೇ ನಿನಗೆ? ಏನಿದೆ ಅಂತ?"

ಒಂದು ವರ್ಷದಿಂದ ಫೋನಿನಲ್ಲಿ ಹೇಳುತ್ತಾ ಬಂದಿದ್ದೆಲ್ಲ ಬಾಯಿಗೆ ಬಂತು. ಬಣ್ಣ, ಬೆಳಕು, ತೇಲುವುದು. ಒಂದನ್ನೂ ಹೇಳಲಿಲ್ಲ. "ಇಲ್ಲಿ ನನಗೆ ದಿನಾ ಎದ್ದೇಳೋಕೆ ಖುಷಿ ಆಗುತ್ತೆ ಅಕ್ಕಾ," ಎಂದೆ. "ಅಲ್ಲಿ ಅಭ್ಯಾಸಕ್ಕೆ ಏಳ್ತಿದ್ದೆ."

ಅವಳು ವಾಪಸ್ಸು ಬರುವಾಗ ನನ್ನ ಭುಜ ಹಿಡಿದುಕೊಂಡು ನಡೆದಳು. ದಾರಿ ಕಾಣುತ್ತಿಲ್ಲ ಎಂದಳು.

ಮಾರ್ಚ್ 21, ಬೆಳಗಿನ ಜಾವ

ಇದನ್ನು ಈಗಲೇ ಬರೆಯಬೇಕು, ಕೈ ಹಿಟ್ಟಾಗಿದ್ದರೂ.

ಕೆಳಗೆ ಬಂದಾಗ ಅಕ್ಕ ಆಗಲೇ ಇದ್ದಳು. ಹಿಟ್ಟು ಜರಡಿ ಹಿಡಿದು ಗುಡ್ಡೆ ಹಾಕಿದ್ದಳು. ಮುಟ್ಟಿರಲಿಲ್ಲ. ಮಗ್ಗಿನಲ್ಲಿ ನೀರು ಹಿಡಿದುಕೊಂಡು ನಿಂತಿದ್ದಳು.

"ಎಷ್ಟು ಹಾಕ್ಲಿ?"

ನನ್ನ ನಲವತ್ತೇಳು ವರ್ಷದಲ್ಲಿ ಅಕ್ಕ ನನ್ನನ್ನು ಅಳತೆ ಕೇಳಿದ್ದು ಇದೇ ಮೊದಲು. ಕಿಟಕಿ ತೆಗೆದು ಅವಳ ಬಲಗೈಯನ್ನು ಹೊರಗೆ ಹಿಡಿಸಿದೆ. "ಗಾಳಿ ಮುಟ್ಟಿ ನೋಡು. ಎಷ್ಟು ಒದ್ದೆ ಇದೆಯೋ ಅಷ್ಟು ಕಮ್ಮಿ." ಕಣ್ಣು ಮುಚ್ಚಿ ಬೆರಳು ಆಡಿಸಿದಳು. ಬಂದು ನೀರು ಸುರಿದಳು. ನಾನು ಸಾಕು ಎನ್ನಬೇಕು ಅನ್ನುವಷ್ಟರಲ್ಲಿ ತಾನೇ ನಿಲ್ಲಿಸಿದಳು. ಸರಿಯಾಗಿ, ಅಲ್ಲೇ! ನನಗೆ ಕಲಿಯಲು ತಿಂಗಳು ಹಿಡಿದಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾನು ನಾದಿದೆ. ಅವಳು ಉಂಡೆ ಕಟ್ಟಿದಳು, ಬಲಗೈಯಲ್ಲಿ. ಇಬ್ಬರೂ ಒಂದೇ ಮೇಜಿನ ಮುಂದೆ. ಬನ್ನು ಹೇಗೆ ಬಂತೆಂದರೆ ಈಜು ಟೀಚರ್ ನಾಲ್ಕು ಹೆಚ್ಚಿಗೆ ಕೇಳುತ್ತಾರೆ, ನೋಡುತ್ತಿರಿ.

ಮಾರ್ಚ್ 22, ಬೆಳಿಗ್ಗೆ ಎಂಟು

ಅಕ್ಕನನ್ನು ಬಸ್ಸು ಹತ್ತಿಸಿ ಬಂದೆ. ಮಂಜು ಇನ್ನೂ ಹಾಗೇ. ನಾಲ್ಕು ದಿನ ಸಮುದ್ರದ ಮನೆಯಲ್ಲಿ ಇದ್ದು ಸಮುದ್ರ ನೋಡದೆ ಹೋದಳು.

ಕರಾರು ಅವಳ ಬ್ಯಾಗಿನಲ್ಲಿದೆ. ಸೈನ್ ಹಾಕಿಲ್ಲ.

"ಯೋಚನೆ ಮಾಡ್ತೀನಿ ಪುಟ್ಟಿ. ಊರು ತಲುಪಿ ಫೋನ್ ಮಾಡ್ತೀನಿ."

"ನಾಲ್ಕು ದಿನ ಏನು ಮಾಡ್ತಿದ್ದೆ, ಯೋಚನೆ ಮಾಡದೆ?"

"ಬ್ರೆಡ್ ಮಾಡ್ತಿದ್ದೆ," ಎಂದಳು. ಬಸ್ಸು ಹೊರಟಿತು.

ಅವಳನ್ನು ಬೈಯಲೂ ಮನಸ್ಸಿಲ್ಲ. ಅವಳ ಕೈ ಅವಳದು, ಬೇಕರಿ ಅವಳದು, ಭಯವೂ ಅವಳದೇ. ಆದರೆ ಬಾಗಿಲು ಹಾಕು ಎಂದರೆ ಮಾತಿಗೆ ತಪ್ಪುವವಳಲ್ಲ ನಾನು. ಹೋಗುತ್ತೇನೆ. ಹೋಗಿ ಓವನ್ನಿನ ಮುಂದೆ ನಿಲ್ಲುತ್ತೇನೆ. ಇಲ್ಲಿಯವರೆಗೆ ಬರೆದದ್ದರಲ್ಲಿ ಇದೊಂದು ಸಾಲು ಬರೆಯಲು ಕಷ್ಟವಾಯಿತು.

ಅದೇ ದಿನ, ಒಂಬತ್ತೂವರೆ

ಹೋಯಿತು! ಮಂಜು ಹೋಯಿತು! ಯಾರೋ ಚಾದರ ಎಳೆದ ಹಾಗೆ. ಮೊದಲು ದೀಪಸ್ತಂಭದ ತಲೆ, ಆಮೇಲೆ ತಡೆಗೋಡೆ, ಆಮೇಲೆ ಅಷ್ಟೂ. ಇಂಥ ನೀಲಿ ಈ ವರ್ಷ ಕಂಡಿಲ್ಲ. ನಾಲ್ಕು ದಿನ ಎಲ್ಲಿ ಸತ್ತಿದ್ದೆ, ನಾಚಿಕೆ ಆಗುವುದಿಲ್ಲವೇ ಎಂದು ಕಿಟಕಿಯಲ್ಲಿ ನಿಂತು ಸಮುದ್ರಕ್ಕೇ ಬೈದೆ. ಹಗ್ಗದ ಮಾಮ ಹೊರಗೆ ಬಂದು ಯಾರ ಜೊತೆ ಜಗಳ ಎಂದು ಕೇಳಿದರು. ನಾನು ಬೆರಳು ತೋರಿಸಿದೆ. ಅವರು ಆ ಕಡೆ ನೋಡಿ, ನನ್ನ ಕಡೆ ನೋಡಿ, ಪಾಪ ಎಂದರು. ಯಾರಿಗೆ ಪಾಪ ಎಂದು ಕೇಳಲಿಲ್ಲ.

ಹತ್ತೂಕಾಲು

ಈಗಷ್ಟೇ ಫೋನ್. ಅಕ್ಕ. ಮೊದಲು ಬರೀ ಗಾಳಿಯ ಶಬ್ದ.

"ಅಕ್ಕಾ? ಏನಾಯ್ತು? ಬಸ್ ಕೆಟ್ಟಿದ್ಯಾ?"

"ಪುಟ್ಟೀ..."

"ಹೇಳು, ಏನಾಯ್ತು?"

"ಇಷ್ಟೊಂದಾ?"

ನಾನು ಕಿಟಕಿಯಾಚೆಯ ನೀಲಿಯ ಕಡೆ ತಿರುಗಿದೆ.

"ಇಷ್ಟು ದೊಡ್ಡದು ಅಂತ ನೀನು ಹೇಳ್ಲೇ ಇಲ್ಲ ನಂಗೆ."

"ಒಂದು ವರ್ಷದಿಂದ ಹೇಳ್ತಾನೇ ಇದ್ದೀನಲ್ಲ ಅಕ್ಕಾ!"

"ಹೇಳೋದನ್ನ ಸರಿಯಾಗಿ ಹೇಳ್ಬೇಕು. ಬಸ್ಸು ಟೀ ಕುಡಿಯೋಕೆ ಅಂತ ತಿರುವಿನಲ್ಲಿ ನಿಲ್ಸಿದ್ರು. ನಾನು ಸುಮ್ನೆ ಇಳಿದೆ. ಇಳಿದು ನೋಡಿದ್ರೆ... ಮುಗಿಯೋದೇ ಇಲ್ವಲ್ಲೇ ಇದು? ಎಲ್ಲಿ ನೋಡಿದ್ರೂ ಮುಗಿಯೋದೇ ಇಲ್ಲ."

ಅಳುತ್ತಿದ್ದಳು. ಅಪ್ಪ ಹೋದಾಗಲೂ ನನ್ನೆದುರು ಅಳದವಳು.

"ಬಸ್ಸು?"

"ಹಾರ್ನ್ ಹೊಡೆದ. ನೀನು ಹೋಗಪ್ಪ ಅಂದೆ. ಬ್ಯಾಗ್ ಇಳಿಸ್ಕೊಂಡೆ, ಅಷ್ಟೂ ಬುದ್ಧಿ ಇಲ್ವಾ ನಂಗೆ?"

"ಈಗ ಎಲ್ಲಿದ್ದೀಯಾ?"

"ನೀರಲ್ಲಿ. ಮೊಣಕಾಲಿನ ತನಕ. ತಣ್ಣಗಿದೆ. ಎಡಗೈ ಅದ್ದಿದ್ದೀನಿ, ಹಾಯಾಗಿದೆ."

"ಅಕ್ಕಾ, ಮುಂದೆ ಹೋಗ್ಬೇಡ! ಅಲ್ಲೇ ಇರು, ಬಂದೆ."

"ನಿಧಾನಕ್ಕೆ ಬಾ. ಇದು ಓಡಿಹೋಗಲ್ಲ." ಮೂಗು ಎಳೆದುಕೊಂಡಳು. ಆಮೇಲೆ ಕೌಂಟರಿನಲ್ಲಿ ಮಾತಾಡುವ ಅದೇ ಗಟ್ಟಿ ಧ್ವನಿ: "ಬರೋವಾಗ ಟವೆಲ್ ತಾ. ಪೆನ್ನೂ ತಾ. ಕರಾರು ನನ್ನ ಹತ್ರ ಇದೆ, ಪೆನ್ನಿಲ್ಲ. ಮಳೆಗಾಲಕ್ಕೆ ಬರ್ತೀನಿ ಅಂದಿದ್ದೀಯಾ, ತಪ್ಪಿಸ್ಕೊಂಡ್ರೆ ಕಿವಿ ಹಿಂಡ್ತೀನಿ."

ಹಗ್ಗದ ಮಾಮ ಜೀಪು ತೆಗೆಯುತ್ತಿದ್ದಾರೆ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಾಗಿಲು ಹಾಕುತ್ತಿರುವುದು ಇದೇ ಮೊದಲು. ಓವನ್ ಆರಿಸಿದೆ. ಟವೆಲ್ ಎರಡು ತೆಗೆದುಕೊಂಡೆ, ನಾನೂ ಇಳಿಯುತ್ತೇನಲ್ಲ. ಒಂದು ಬನ್ನಿನ ಪೊಟ್ಟಣ. ಪೆನ್ನು... ಕೌಂಟರಿನ ಪೆನ್ನು ಒಣಗಿದೆ, ಡ್ರಾಯರಿನಲ್ಲಿ ಬರೀ ಕ್ಯಾಪು. ಇಡೀ ಅಂಗಡಿಯಲ್ಲಿ ಬರೆಯುವ ಪೆನ್ನು ನನ್ನ ಕೈಯಲ್ಲಿರುವ ಇದೊಂದೇ. ಹಾರ್ನ್ ಆಯಿತು. ಬಂದೆ ಮಾಮ! ಇದನ್ನೇ ತೆಗೆದುಕೊಂಡು ಹೋಗುತ್ತೇ—